ನಿಂತ ಗಾಡಿಯಲ್ಲಿ ನಿದ್ದೆ ಬೇಡ

ಮಕ್ಕಳ ಪರೀಕ್ಷೆ ಮುಗಿದರೆ ಸಾಕು, ಇಳಕಲ್ಲ-ಹುನಗುಂದದ ಕಡೆ ಎರಡು ಮೂರು ಮನೆಯವರು ಕೂಡಿ ಗಾಡಿ ಮಾಡಿಕೊಂಡು ಸಮುದ್ರ ನೋಡಲು ಹೊರಡುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಗ್ಯಾಸ್ ಒಲೆ, ಹಾಸಿಗೆ ಎಲ್ಲವೂ ಗಾಡಿಯಲ್ಲೇ. ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದು, ಗೋಕರ್ಣ, ಮುರುಡೇಶ್ವರ ಮುಗಿಸಿ ಮಲ್ಪೆಯಲ್ಲಿ ಒಂದು ದಿನ ಸುಮ್ಮನೆ ಕಾಲು ಚಾಚುತ್ತಾರೆ. ಈಚೆಗೆ ಮಲಗುವ ವ್ಯವಸ್ಥೆಯಿರುವ ಕ್ಯಾರವಾನ್‌ಗಳೂ ಬಾಡಿಗೆಗೆ ಸಿಗುತ್ತವೆ. ಅವಶ್ಯ ಹೋಗಿ ಬನ್ನಿ.

ಹಾಗೆ ಹೋಗಿ ಬಂದ ಹಿರಿಯರೊಬ್ಬರು ರಕ್ತದೊತ್ತಡ ತೋರಿಸಲು ಬಂದಾಗ ಮಾತಿಗೆ ಮಾತು ಬಂದು ಹೇಳಿದರು: 'ಮಧ್ಯಾಹ್ನ ಏ.ಸಿ. ಹಾಕ್ಕೊಂಡು ಗಾಡ್ಯಾಗ ಮಲಗಿದ್ವಿರಿ ಡಾಕ್ಟ್ರ. ಎದ್ದಾಗ ಎಲ್ಲಾರಿಗೂ ತಲಿ ಸಿಡೀಲಿಕತ್ತಿತ್ತು. ಗಾಳಿಗೆ ಬಂದು ಕುಂತ ಮ್ಯಾಲೆ ಇಳೀತು.' ಇಂಜಿನ್ ಚಾಲೂ ಇತ್ತೇ ಎಂದು ಕೇಳಿದೆ. 'ಹೂಂನ್ರಿ, ಇಲ್ಲಂದ್ರ ಏ.ಸಿ. ಹ್ಯಾಂಗ ನಡೀತೈತಿ?'

ಆದದ್ದು ಇದೇ ಎಂದು ಆಮೇಲೆ ಖಚಿತವಾಗಿ ಹೇಳಲಾಗದು. ಆದರೆ ನನ್ನ ಎದೆ ಝಲ್ಲೆಂದಿತು. 2024ರ ಡಿಸೆಂಬರಿನಲ್ಲಿ ಕೇರಳದ ಕರಾವಳಿ ಊರು ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಶವವಾಗಿ ಸಿಕ್ಕಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು.

ಇಂಧನ ಅರೆಬರೆ ಉರಿದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಗ ಉಸಿರಾಟ ನಡೆದಿದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಸಾಲದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಘಟ್ಟದ ವಾಂತಿಯೆಂದೋ ಬಿಸಿಲ ಬಾಧೆಯೆಂದೋ ತಿಳಿಯುವುದು ಸುಲಭ. ಗಾಡಿಯಲ್ಲಿದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂತೇ? ಹೊರಗೆ ಬಂದರೆ ಕಡಿಮೆಯಾಯಿತೇ? ಹಾಗಿದ್ದರೆ ಇದನ್ನೇ ಶಂಕಿಸಬೇಕು. ನಿದ್ದೆಯಲ್ಲಿದ್ದವರಿಗೆ ಈ ಸೂಚನೆಗಳೂ ತಿಳಿಯುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತದೆ, 98 ಎಂದು ತೋರಿಸುತ್ತಲೇ ಇರಬಹುದು.

ಆದ್ದರಿಂದ ಇಂಜಿನ್ ಅಥವಾ ಜನರೇಟರ್ ನಡೆಸಿಟ್ಟು ನಿಂತ ಗಾಡಿಯಲ್ಲಿ ಮಲಗಬೇಡಿ. ಒಂದು ಕಿಟಕಿ ಬೆರಳಷ್ಟು ತೆರೆದರೆ ಸಾಕೆಂಬ ನಂಬಿಕೆ ಬೇಡ. ಒಲೆ, ಇದ್ದಿಲ ಕೆಂಡ ಹೊರಗಿರಲಿ. ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲೆಲ್ಲ ತೆರೆದು ಹೊರಗೆಳೆದು 108ಕ್ಕೆ ಫೋನ್ ಮಾಡಿ. ಆಮ್ಲಜನಕವೇ ಇದಕ್ಕೆ ಔಷಧ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಗರ್ಭಿಣಿಯರಂತೂ ತಪ್ಪಿಸಬಾರದು.

ಇನ್ನು ಮೀನು. ಕೃಷ್ಣಾ, ಮಲಪ್ರಭೆಯ ಮೀನು ಬಲ್ಲವರಿಗೂ ಬಂಗುಡೆಯ ಗುಣ ಗೊತ್ತಿರದು. ಬೆಳಿಗ್ಗೆ ಬಂದರಿನಲ್ಲಿ ಕೊಂಡು ಮಧ್ಯಾಹ್ನದವರೆಗೆ ಬಿಸಿ ಗಾಡಿಯಲ್ಲಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು. ಉಂಡ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ನೋಯುತ್ತದೆ. ಕೊಂಡ ಗಳಿಗೆಯಿಂದಲೇ ಮಂಜುಗಡ್ಡೆಯಲ್ಲಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಸಿಗುವ ಮೀನು ಎಲ್ಲಿಯದು, ಎಂದಿನದು ಎಂದು ಕೇಳಿಯೇ ಕೊಳ್ಳಿ.

ಬಾವಿ, ಹೊಳೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಸಮುದ್ರವೂ ಹಾಗೇ ಎನಿಸುತ್ತದೆ. ಅದೇ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಜೀವರಕ್ಷಕರು ಬೇಡವೆಂದ ಕಡೆ ಇಳಿಯಲೇಬಾರದು.

ಬಾಗಲಕೋಟೆ, ಬಾದಾಮಿಯ ಒಣ ಬಿಸಿಲಲ್ಲಿ ಬೆವರು ಬೇಗ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ತೇವದಲ್ಲಿ ಅದು ಆರದು. ಮಧ್ಯಾಹ್ನ ಮರದ ನೆರಳಲ್ಲಿ ಚಾಪೆ ಹಾಸಿ, ನೀರು ಮಜ್ಜಿಗೆ ಕುಡಿಯುತ್ತಿರಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಮುಚ್ಚಿದ ಗಾಡಿಯಲ್ಲಿ ಬಿಡದೆ ತಂಪು ಚೀಲದಲ್ಲಿಟ್ಟು ಜೊತೆಗೇ ಒಯ್ಯಬೇಕು. ಆದರೆ ಮಂಜುಗಡ್ಡೆಗೆ ತಾಗಿಸಿಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೂಡ ಕೆಟ್ಟಂತೆಯೇ.