ಸುಟ್ಟುಹೋದ ಆಂಟೆನಾ ಹೇಳಿದ ಪಾಠ

‘ಹದಿನೈದು ಸಾವಿರ ಕೊಟ್ರೆ ರೆಡಿಮೇಡ್ ಪ್ರಾಜೆಕ್ಟ್ ಸಿಗುತ್ತೆ. ಸುಮ್ನೆ ಯಾಕೋ ತಲೆ ಕೆಡಿಸ್ಕೋತೀಯ?’ ಎಂದ ಗೆಳೆಯ. ನಾನು ಎದುರಾಡಲಿಲ್ಲ. ನಮ್ಮ ತಂಡ ಕಟ್ಟಿದ್ದ ಯಾಗಿ ಆಂಟೆನಾ ಮೂರನೇ ಸಲ ಕೈಕೊಟ್ಟಿತ್ತು. ವೈವಾಕ್ಕೆ ಉಳಿದಿದ್ದು ಹದಿನೆಂಟೇ ದಿನ. ಅಂದು ರಾತ್ರಿ ಆಂಟೆನಾಗಳ ಬಗ್ಗೆ ಓದುತ್ತಾ ಕುಳಿತಾಗ ಸಿಕ್ಕಿದ್ದು ದೂರದ ಒಂದು ರೇಡಿಯೊ ಕೇಂದ್ರದ ಕಥೆ.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊ. ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 900 ಮೀಟರ್ ಮೇಲೆ! 1931ರ ಕ್ರಿಸ್‌ಮಸ್ ದಿನ ಅಲ್ಲಿ ಎಚ್‌ಸಿಜೆಬಿ ಎಂಬ ಕ್ರೈಸ್ತ ರೇಡಿಯೊ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರು ಕ್ಲಾರೆನ್ಸ್ ಜೋನ್ಸ್ ಮತ್ತು ರೂಬೆನ್ ಲಾರ್ಸನ್ ಎಂಬ ಮಿಷನರಿಗಳು. ಬೆಟ್ಟಗಳ ನಡುವೆ, ಸಮಭಾಜಕ ವೃತ್ತದ ಬಳಿ ರೇಡಿಯೊ ನಡೆಯದು ಎಂದು ತಿಳಿದವರು ಎಚ್ಚರಿಸಿದ್ದರು. ಟ್ರಾನ್ಸ್‌ಮಿಟರ್ ಇದ್ದದ್ದು ಕುರಿ ಕೊಟ್ಟಿಗೆಯಲ್ಲಿ. ಅದರ ಶಕ್ತಿ ಕಾಲು ಕಿಲೋವಾಟ್ ಮೀರದು. ಊರಲ್ಲಿ ರೇಡಿಯೊ ಸೆಟ್‌ಗಳೂ ಬೆರಳೆಣಿಕೆಯಷ್ಟೇ.

ನಿಜವಾದ ಪರೀಕ್ಷೆ ಬಂದದ್ದು ಶಕ್ತಿ ಹೆಚ್ಚಿಸಿದ ಮೇಲೆ. ಎತ್ತರದಲ್ಲಿ ಗಾಳಿ ತೆಳು. ತೆಳು ಗಾಳಿ ಹೆಚ್ಚು ವೋಲ್ಟೇಜ್ ತಡೆಯಲಾರದು. ಯಾಗಿ ಆಂಟೆನಾದ ಕಡ್ಡಿಗಳ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು. ಹೀಗಾಗಿ ತುದಿಗಳು ಕಿಡಿ ಕಾರಿದವು, ಲೋಹವೇ ಕರಗತೊಡಗಿತು. ಕೇಂದ್ರದ ಎಂಜಿನಿಯರ್ ಕ್ಲಾರೆನ್ಸ್ ಮೂರ್ ಸರಳವಾಗಿ ಯೋಚಿಸಿದರು: ತುದಿಯೇ ತೊಂದರೆಯಾದರೆ, ತುದಿಯೇ ಇಲ್ಲದ ಆಂಟೆನಾ ಯಾಕಿರಬಾರದು? ತಂತಿಯನ್ನು ಚೌಕಾಕಾರದಲ್ಲಿ ಸುತ್ತಿ ಮುಚ್ಚಿದರು. 1940ರ ದಶಕದ ಆರಂಭದಲ್ಲಿ ಹೀಗೆ ಹುಟ್ಟಿದ್ದೇ ‘ಕ್ಯೂಬಿಕಲ್ ಕ್ವಾಡ್’. ಹ್ಯಾಮ್ ರೇಡಿಯೊ ಹವ್ಯಾಸಿಗಳು ಇಂದಿಗೂ ಅದನ್ನು ಮನೆಯ ಮೇಲೆ ಕಟ್ಟಿಕೊಳ್ಳುತ್ತಾರೆ.

ಮುಂದೆ ಈ ಕೇಂದ್ರ ಹಲವು ಭಾಷೆಗಳಲ್ಲಿ ಶಾರ್ಟ್‌ವೇವ್ ಮೂಲಕ ಜಗತ್ತಿನ ಮೂಲೆಮೂಲೆಗೆ ತಲುಪಿತು. ಕ್ವಿಟೊ ಹತ್ತಿರದ ಪೀಫೊದಲ್ಲಿ ಎತ್ತರದ ಆಂಟೆನಾಗಳ ಸಾಲೇ ಎದ್ದಿತು. ಸಮೀಪದಲ್ಲೇ ಹೊಸ ವಿಮಾನ ನಿಲ್ದಾಣ ಬರುವುದಿದ್ದರಿಂದ 2009ರಲ್ಲಿ ಅಲ್ಲಿನ ಶಾರ್ಟ್‌ವೇವ್ ಪ್ರಸಾರ ನಿಂತಿತು. ಆ ಆಂಟೆನಾಗಳು ಈಗಿಲ್ಲ, ಮೂರ್ ಅವರ ಚೌಕ ಮಾತ್ರ ಉಳಿದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಿಷಯ. ಮೂರ್ ಕರಗಿದ ತುದಿಯನ್ನು ಬಚ್ಚಿಡಲಿಲ್ಲ, ಅದನ್ನೇ ನೋಡುತ್ತಾ ಕುಳಿತರು. ನಾವೋ, ಕೆಟ್ಟದ್ದು ಎಲ್ಲಿ ಎಂದು ನೋಡುವ ಮೊದಲೇ ಅಂಗಡಿಯ ವಿಳಾಸ ಕೇಳಿದ್ದೆವು.

ಮರುದಿನ ಲ್ಯಾಬ್‌ಗೆ ಹೋಗಿ ಎಲ್ಲ ಬಿಚ್ಚಿದೆವು. ಕೇಬಲ್ ಸೇರುವಲ್ಲಿ ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಒಂದು ಕಡ್ಡಿ ಎಂಟು ಮಿಲಿಮೀಟರ್ ಉದ್ದವಿತ್ತು. ಸರಿಪಡಿಸಿದ ಮೇಲೂ ಅಂದುಕೊಂಡಷ್ಟು ಗೇನ್ ಬರಲಿಲ್ಲ. ಅಂಕವೂ ಸಾಧಾರಣವೇ. ಆದರೆ ವೈವಾದಲ್ಲಿ ‘ಎಲ್ಲಿ ತಪ್ಪಾಯ್ತು?’ ಎಂದು ಕೇಳಿದಾಗ ನಮ್ಮ ತಂಡದ ನಾಲ್ವರಿಗೂ ಉತ್ತರ ಗೊತ್ತಿತ್ತು. ನಾಳೆ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ ಬರಬಹುದು. ಕೊಂಡುತಂದ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ.