ಗೊಂಬಿ ಸೀರಿ ಉಡ್ತದ, ನಾವು ಕಲೀತೀವಿ



ಕಳೆದ ರಜೆಯಲ್ಲಿ ಏನ್ ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡ್ತಿದ್ವಿ. ಉಳಿದವರು ಇಂಟರ್ನ್‌ಶಿಪ್, ಪೈಥಾನ್ ಕೋರ್ಸ್ ಅಂತ ಹೇಳುವಾಗ "ಗೊಂಬೆಗೆ ಬಟ್ಟೆ ಹೊಲಿದ್ವಿ" ಅನ್ನೋಕೆ ನಾಚಿಕೆ. ಈಗ ಆ ನಾಚಿಕೆ ಹೋಗಿದೆ. ಹೇಗೆ ಹೋಯ್ತು, ಈ ಹವ್ಯಾಸದಲ್ಲಿ ಏನಿದೆ, ನೀವೂ ಶುರು ಮಾಡೋದಾದ್ರೆ ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನ ಇಲ್ಲಿ ಹೇಳ್ತೀವಿ. ನಮ್ಮ ಮೂವರದ್ದೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಯಿ ಮತ್ತು ಕರ್ಚೀಫು

ನಾವು ಮೂವರು ಹುಡುಗಿಯರು ಕೋಟನೂರಿನಲ್ಲಿ ಒಂದು ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದೇವೆ. ಮನೆ ಓನರ್ ಅವರ ತಾಯಿಯನ್ನು ಓಣಿಯವರೆಲ್ಲ 'ಆಯಿ' ಅಂತಾರೆ, ನಾವೂ ಹಾಗೇ ಕರೀತೀವಿ. ಆಯಿ ಇವತ್ತಿಗೂ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡ್ತಾರೆ. ಅವರ ಸೊಸೆಗೆ ಕಚ್ಚೆ ಬರಲ್ಲ, ಮೊಮ್ಮಕ್ಕಳಿಗಂತೂ ಕೇಳೋದೇ ಬೇಡ.

ಕಾಲೇಜಿನ ಎಥ್ನಿಕ್ ಡೇ ಹತ್ತಿರ ಬಂದಾಗ "ಆಯಿ, ನಮಗೂ ಕಚ್ಚಿ ಹಾಕೋದು ಕಲಿಸ್ರಿ" ಅಂತ ಹೋದ್ವಿ. ಆಯಿ ಎದ್ದು ನಿಂತರು, ಎರಡು ಸುತ್ತು ತೋರಿಸಿದರು, ಗೋಡೆ ಹಿಡಿದು ಕೂತುಬಿಟ್ಟರು.

"ಯವ್ವಾ, ನಿಂತು ತೋರ್ಸ್ಲಾಕ ಮೊಣಕಾಲ ಕೇಳಲ್ಲ. ಆ ಗೊಂಬಿ ಇಲ್ಲಿ ತಾ."

ಮೊಮ್ಮಗಳ ಪ್ಲಾಸ್ಟಿಕ್ ಗೊಂಬೆ ಅಲ್ಲೇ ಬಿದ್ದಿತ್ತು. ಆಯಿ ಹೊರಸಿನ ಮೇಲೆ ಕೂತು, ನಮ್ಮ ಎರಡು ಕರ್ಚೀಫು ಗಂಟು ಹಾಕಿ, ಆ ಗೊಂಬೆಗೆ ಹತ್ತು ನಿಮಿಷದಲ್ಲಿ ಕಚ್ಚೆ ಉಡಿಸಿದರು. ಬಿಚ್ಚಿದರು, ನಮ್ಮ ಕೈಗೆ ಕೊಟ್ಟರು. ನಾವು ಉಡಿಸಿದ್ದು ಅರ್ಧಕ್ಕೇ ಜಾರಿ ಬಿತ್ತು. ನಮ್ಮ ಹವ್ಯಾಸ ಶುರುವಾಗಿದ್ದು ಅವತ್ತೇ.

ಇದು ಚಿಕ್ಕ ಮಕ್ಕಳ ಆಟ ಅಲ್ವಾ?

ನಮಗೂ ಹಾಗೇ ಅನ್ನಿಸಿತ್ತು. ಹುಡುಕ್ತಾ ಹೋದಾಗ ಬೇರೇನೇ ಗೊತ್ತಾಯ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಬಟ್ಟೆಗೆ ಬರ ಬಂದಿತ್ತು. ದೊಡ್ಡ ದೊಡ್ಡ ವಿನ್ಯಾಸಕರು 1945ರಲ್ಲಿ ತಮ್ಮ ಹೊಸ ಉಡುಪುಗಳನ್ನು ತಂತಿಯಿಂದ ಮಾಡಿದ, ಸುಮಾರು 70 ಸೆಂ.ಮೀ. ಎತ್ತರದ ಗೊಂಬೆಗಳಿಗೆ ಹೊಲಿದು ಪ್ರದರ್ಶನಕ್ಕಿಟ್ಟರು. ಅದರ ಹೆಸರು 'ತೆಆತ್ರ್ ದ ಲಾ ಮೋದ್'. ಆ ಗೊಂಬೆಗಳು ಈಗ ಅಮೆರಿಕದ ಮೇರಿಹಿಲ್ ಮ್ಯೂಸಿಯಂನಲ್ಲಿವೆ. ನಮ್ಮ ದೇಶದಲ್ಲೇ, ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ದೆಹಲಿಯಲ್ಲಿ ಗೊಂಬೆಗಳ ಮ್ಯೂಸಿಯಂ ತೆರೆದರು. ಭಾರತದ ಬೇರೆ ಬೇರೆ ಕಡೆಯ ಉಡುಪು ತೊಟ್ಟ ಗೊಂಬೆಗಳನ್ನು ಅಲ್ಲೇ ಕಾರ್ಯಾಗಾರದಲ್ಲಿ ತಯಾರಿಸುತ್ತಾ ಬಂದಿದ್ದಾರೆ. ಮೈಸೂರು ಕಡೆ ನವರಾತ್ರಿಗೆ ಪಟ್ಟದ ಗೊಂಬೆಗಳಿಗೆ ಬಟ್ಟೆ ಉಡಿಸಿ ಕೂಡಿಸುತ್ತಾರೆ. ಅಷ್ಟು ದೂರ ಯಾಕೆ, ಹಬ್ಬದಲ್ಲಿ ಲಕ್ಷ್ಮಿ ಕೂಡಿಸುವಾಗ ಕಳಸಕ್ಕೆ ನಿರಿಗೆ ಹಿಡಿದು ಸೀರೆ ಉಡಿಸೋದು ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಅದೂ ಇದೇ ಕೆಲಸ. ಆ ನಿರಿಗೆ ಹಿಡಿಯೋದು ಅವ್ವಂದಿರ ಕೆಲಸ ಅಂತ ನಾವು ಪಕ್ಕದಲ್ಲಿ ಮೊಬೈಲ್ ಹಿಡ್ಕೊಂಡು ನಿಂತಿರ್ತಿದ್ವಿ, ಅಷ್ಟೇ.

ಸ್ಕೇಲ್ ಸಣ್ಣದಾಗುತ್ತೆ, ಬಟ್ಟೆ ಆಗಲ್ಲ

ನಮ್ಮ ಗೊಂಬೆ 30 ಸೆಂ.ಮೀ. ಎತ್ತರ. ಆಯಿ ಸುಮಾರು 150 ಸೆಂ.ಮೀ. ಅಂದ್ರೆ 1:5 ಸ್ಕೇಲ್. ಆಯಿ ಉಡುವ ಎಂಟು ಗಜದ ಸೀರೆ ಅಂದ್ರೆ 16 ಮೊಳ, ಅಂದಾಜು 7.3 ಮೀಟರ್. ಐದರಿಂದ ಭಾಗಿಸಿದರೆ 1.46 ಮೀಟರ್. ಲೆಕ್ಕ ಸುಲಭ ಅಂತ ಹತ್ತಿ ಬಟ್ಟೆ ಕತ್ತರಿಸಿ ಉಡಿಸಿದ್ವಿ. ಗೊಂಬೆ ರಟ್ಟಿನ ಡಬ್ಬಿ ಹೊದ್ದುಕೊಂಡ ಹಾಗೆ ಕಾಣಿಸ್ತಿತ್ತು!

ಯಾಕೆ ಹೀಗೆ? ಉದ್ದ, ಅಗಲ ಐದು ಪಟ್ಟು ಕಮ್ಮಿ ಆಯ್ತು, ಬಟ್ಟೆಯ ದಪ್ಪ ಅಷ್ಟೇ ಉಳೀತು. ಬಟ್ಟೆ 0.3 ಮಿ.ಮೀ. ದಪ್ಪ ಅಂತ ಇಟ್ಕೊಳ್ಳಿ. ಹತ್ತು ನಿರಿಗೆ ಅಂದ್ರೆ ಇಪ್ಪತ್ತು ಪದರ, ಒಟ್ಟು 6 ಮಿ.ಮೀ. ನಮ್ಮ ಸೊಂಟದ ಮೇಲೆ ಅದು ಗೊತ್ತೇ ಆಗಲ್ಲ. ಗೊಂಬೆಗೆ ಅದು ನಾವು ಹೊಟ್ಟೆ ಮೇಲೆ 3 ಸೆಂ.ಮೀ. ದಪ್ಪದ ಪುಸ್ತಕ ಕಟ್ಟಿಕೊಂಡಷ್ಟು.

ಇನ್ನೊಂದು ಸಮಸ್ಯೆ ಬಾಗುವುದು. ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಹೊರಗೆ ತಳ್ಳುತ್ತಾ ಹೋದರೆ ಅದು ತನ್ನ ಭಾರಕ್ಕೆ ತಾನೇ ಬಾಗುತ್ತೆ. ಎಷ್ಟು ಉದ್ದ ಹೊರಬಂದಾಗ ಎಷ್ಟು ಬಾಗುತ್ತೆ ಅನ್ನೋದರಿಂದ ಬಟ್ಟೆಯ ಗಡಸುತನ ಅಳೆಯಬಹುದು ಅಂತ 1930ರಲ್ಲಿ ಎಫ್. ಟಿ. ಪಿಯರ್ಸ್ ತೋರಿಸಿಕೊಟ್ಟರು. ಅವರು ಇದನ್ನು 'ಬಾಗುವ ಉದ್ದ' ಅಂದರು. ಈ ಉದ್ದದ ಘನ, ಗಡಸುತನವನ್ನು ತೂಕದಿಂದ ಭಾಗಿಸಿದಷ್ಟು. ಗೊಂಬೆಯ ಸೀರೆ ಆಯಿಯ ಸೀರೆಯ ಹಾಗೆ ಇಳಿಬೀಳಬೇಕಾದರೆ ಬಾಗುವ ಉದ್ದವೂ ಐದು ಪಟ್ಟು ಕಮ್ಮಿ ಆಗಬೇಕು. ಬಟ್ಟೆಯನ್ನು ಒಂದೇ ಹಾಳೆ ಅಂತ ಭಾವಿಸಿದರೆ ಗಡಸುತನ ದಪ್ಪದ ಘನದ ಪ್ರಕಾರ ಬದಲಾಗುತ್ತೆ, ತೂಕ ದಪ್ಪದ ಪ್ರಕಾರ. ಲೆಕ್ಕ ಬಿಡಿಸಿದರೆ ಬಟ್ಟೆ ಐದು ಪಟ್ಟಲ್ಲ, ಸುಮಾರು 11 ಪಟ್ಟು ತೆಳ್ಳಗಿರಬೇಕು ಅಂತ ಬರುತ್ತೆ. ನಿಜವಾದ ಬಟ್ಟೆಯಲ್ಲಿ ಎಳೆಗಳು ಒಂದರ ಮೇಲೊಂದು ಜಾರೋದರಿಂದ ಇದು ಅಂದಾಜು ಮಾತ್ರ. ಆದರೆ ಅಷ್ಟು ತೆಳ್ಳನೆಯ ಬಟ್ಟೆ ಅಂಗಡಿಯಲ್ಲಿ ಸಿಗಲ್ಲ ಅನ್ನೋದು ಖಾತ್ರಿ.

ಅದಕ್ಕೇ ಇಲ್ಲಿ ಸ್ವಲ್ಪ ಮೋಸ ಮಾಡಬೇಕು. ನೂರು ಸಲ ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ ತಗೊಂಡ್ವಿ. ಉದ್ದ ಕಮ್ಮಿ ಮಾಡಿ, ಹತ್ತು ನಿರಿಗೆಯ ಜಾಗದಲ್ಲಿ ನಾಲ್ಕು ಹಿಡಿದ್ವಿ. ನಿರಿಗೆ ಹಿಡಿದ ಮೇಲೆ ನೀರು ಚಿಮುಕಿಸಿ, ದಾರದಿಂದ ಸಡಿಲವಾಗಿ ಸುತ್ತಿ ರಾತ್ರಿಯಿಡೀ ಒಣಗಲು ಬಿಟ್ವಿ. ಬೆಳಿಗ್ಗೆ ದಾರ ಬಿಚ್ಚಿದಾಗ ನಿರಿಗೆ ಕೂತಿತ್ತು.

ಇಳಕಲ್ ಸೆರಗಿನಲ್ಲಿ ಏನಿದೆ?

ಹರಿದ ಇಳಕಲ್ ಸೀರೆಯೊಂದನ್ನು ಆಯಿ ನಮಗೆ ಕೊಟ್ಟರು. ಕೊಡುವಾಗ ಒಂದು ಶರತ್ತು: "ಹರಕ ಸೀರಿ ಕೌದಿಗಿ, ಗೊಂಬಿಗಿ. ಚಲೋ ಸೀರಿಗಿ ಕತ್ರಿ ಹಚ್ಚಬ್ಯಾಡ್ರಿ." ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ.

ಅದನ್ನು ಕತ್ತರಿಸುವ ಮುಂಚೆ ಮೊದಲ ಸಲ ಸರಿಯಾಗಿ ನೋಡಿದ್ವಿ. ಮೈ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡೂ ಕೂಡುವ ಕಡೆ ಹೊಲಿಗೆಯೇ ಇಲ್ಲ! ಬಾಗಲಕೋಟೆ ಜಿಲ್ಲೆಯ ಇಳಕಲ್‌ನ ನೇಕಾರರು ಮೈಯ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯ ಹಾಗೆ ಸಿಕ್ಕಿಸಿ ಮಗ್ಗಕ್ಕೆ ಹಾಕ್ತಾರೆ. ಇದಕ್ಕೆ 'ತೋಪು ತೆನಿ' ಅಂತಾರೆ. ಇಷ್ಟು ದಿನ ಅದು ಬರೀ ಕೆಂಪು ಸೆರಗು ಅಂದ್ಕೊಂಡಿದ್ವಿ. ಗೊಂಬೆಗೆ ಅದನ್ನು ನೇಯೋಕಂತೂ ನಮ್ಮಿಂದ ಆಗಲ್ಲ. ಕೆಂಪು ತುಂಡನ್ನು ಬೇರೆ ಕತ್ತರಿಸಿ, ಒಳಗಿನಿಂದ ಸಣ್ಣ ಹೊಲಿಗೆ ಹಾಕಿ ಕೂಡಿಸಿದ್ವಿ. ಮೇಲೆ ತೊಡಿಸಲು ಗುಳೇದಗುಡ್ಡ ಖಣದ ತುಣುಕಿನಿಂದ ಕುಪ್ಪಸ ಮಾಡಿದ್ವಿ.

ಕಚ್ಚೆ ಯಾಕೆ ಅಂತಲೂ ಗೊಂಬೆಯೇ ಹೇಳ್ತು. ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಮುಂದೆ ನಿರಿಗೆ ಹಿಡಿದು, ಅದರ ಕೆಳಭಾಗವನ್ನು ಕಾಲ ನಡುವಿನಿಂದ ಹಿಂದಕ್ಕೆ ಒಯ್ದು ಸಿಗಿಸಬೇಕು. ಹಾಗೆ ಉಡಿಸಿದ ಮೇಲೆ ಗೊಂಬೆಯ ಕಾಲು ಅಗಲಿಸಬಹುದು, ಕೂಡಿಸಬಹುದು, ಬಗ್ಗಿಸಬಹುದು. ಸಾದಾ ಸೀರೆ ಉಟ್ಟ ಗೊಂಬೆಗೆ ಅದು ಆಗಲ್ಲ. ಹೊಲದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವವರ ಉಡುಗೆ ಇದು.

ಕಸೂತಿಯಲ್ಲಿ ಡೇಟಾ ಸ್ಟ್ರಕ್ಚರ್ಸ್

ಇಳಕಲ್ ಸೀರೆ ಅಂದಮೇಲೆ ಕಸೂತಿ ಬೇಕೇ ಬೇಕು. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತ್ಯ ಅಂತ ನಾಲ್ಕು ಥರದ ಹೊಲಿಗೆ. ನಾವು ಕಲಿತಿದ್ದು ಗಾವಂತಿ ಒಂದೇ. ಅದರಲ್ಲಿ ಗಂಟು ಹಾಕುವ ಹಾಗಿಲ್ಲ, ಮುಂದೆ ಹಿಂದೆ ಎರಡೂ ಕಡೆ ಚಿತ್ರ ಒಂದೇ ಥರ ಬರಬೇಕು. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗ್ತಾ ಒಂದು ಗೆರೆ ಬಿಟ್ಟು ಒಂದು ಗೆರೆ ತುಂಬುತ್ತೆ. ವಾಪಸ್ ಬರುವಾಗ ಬಿಟ್ಟ ಗೆರೆ ತುಂಬಬೇಕು.

ಕೊಂಬೆಗಳಿರುವ ಚಿತ್ರ ಬಂದಾಗ ನಾವು ಎಲ್ಲೋ ಸಿಕ್ಕಿಹಾಕಿಕೊಳ್ತಿದ್ವಿ. ಆಯಿಯ ಉಪಾಯ ಇಷ್ಟೇ: ಕೊಂಬೆ ಸಿಕ್ಕಲ್ಲಿ ಒಳಗೆ ಹೋಗು, ತುದಿ ಮುಟ್ಟು, ಅದೇ ದಾರಿಯಲ್ಲಿ ತಿರುಗಿ ಬಾ, ಮುಂದಿನದ್ದು ಹಿಡಿ. ಎರಡನೇ ವರ್ಷದವರಿಗೆ ಇದು ಗುರುತು ಸಿಕ್ಕಿರಬೇಕು. ಡೆಪ್ತ್ ಫಸ್ಟ್ ಸರ್ಚ್! ಒಂದು ಗೆರೆ ದಾಟಿ ಹೋಗಿ, ಅದರಾಚೆಯ ಕೊಂಬೆಗಳನ್ನೆಲ್ಲ ಮುಗಿಸಿ ಅದೇ ಗೆರೆಗೆ ವಾಪಸ್ ಬರುವಷ್ಟರಲ್ಲಿ, ನಡುವೆ ಹಾಕಿದ ಹೊಲಿಗೆಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆ, ಯಾಕಂದ್ರೆ ಪ್ರತಿ ಗೆರೆಯನ್ನೂ ಎರಡು ಸಲ ದಾಟಿರ್ತೀವಿ. ಹಾಗಾಗಿ ಹೋಗುವಾಗ ದಾರ ಮೇಲಿದ್ದರೆ ಬರುವಾಗ ಕೆಳಗೆ. ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವಾದರೂ ಹೀಗೆ ಮುಗಿಯುತ್ತೆ, ಶುರು ಮಾಡಿದ ಜಾಗಕ್ಕೇ ಸೂಜಿ ಮರಳುತ್ತೆ. ಲ್ಯಾಬ್‌ನಲ್ಲಿ ನಮಗೆ ತಲೆಗೆ ಹೋಗದ ವಿಷಯ ಹೊರಸಿನ ಮೇಲೆ ಹೋಯ್ತು.

ಇಲ್ಲೂ ಸ್ಕೇಲ್ ಕಾಟ ಕೊಡುತ್ತೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕಬೇಕು. ಸೀರೆಯಲ್ಲಿ ನಾಲ್ಕು ಎಳೆಗೆ ಒಂದು ಹೊಲಿಗೆ ಅಂದ್ರೆ, ಗೊಂಬೆಗೆ ಒಂದು ಎಳೆಗಿಂತ ಕಮ್ಮಿ ಬೇಕು. ಎಳೆ ಅನ್ನೋದು ಪಿಕ್ಸೆಲ್ ಇದ್ದ ಹಾಗೆ, ಅದನ್ನು ಸೀಳೋಕಾಗಲ್ಲ. ಅದಕ್ಕೇ ದೊಡ್ಡ ಗೋಪುರವನ್ನು ಮೂರೇ ಮೆಟ್ಟಿಲಿಗೆ ಇಳಿಸಿದ್ವಿ.

ಕಮಲಾಪುರದ ಅಜ್ಜಿ

ಈಗ ಸ್ವಲ್ಪ ಕಷ್ಟದ ವಿಷಯ. ನಮ್ಮ ಮೂವರಲ್ಲಿ ಒಬ್ಬಳು ಕಮಲಾಪುರ ಹತ್ತಿರದ ತಾಂಡಾದವಳು. ಕಮಲಾಪುರ ಅಂದ ಕೂಡಲೇ ನಿಮಗೆ ಕೆಂಪು ಬಾಳೆಹಣ್ಣು ನೆನಪಾಗಬಹುದು. ಆದರೆ ಆ ಕಡೆ ಲಂಬಾಣಿ ತಾಂಡಾಗಳೂ ಬಹಳ ಇವೆ. ಮೊದಲ ವರ್ಷದ ಎಥ್ನಿಕ್ ಡೇಗೆ ಕೆಲವರು ಲಂಬಾಣಿ ಡ್ರೆಸ್ ಬಾಡಿಗೆಗೆ ತಂದು ಹಾಕ್ಕೊಂಡಿದ್ರು. ಎಲ್ಲರೂ ನಕ್ಕು, ಕುಣಿದು, ಫೋಟೋ ತೆಗೆಸಿಕೊಂಡ್ವಿ. ನಾವೂ ಆ ಫೋಟೋದಲ್ಲಿದ್ದೇವೆ. ಅವಳೂ ಇದ್ದಾಳೆ, ಚೂಡಿದಾರದಲ್ಲಿ. ತನ್ನ ಅಜ್ಜಿ ದಿನಾ ತೊಡೋದು ಅದೇ ಬಟ್ಟೆ ಅಂತ ಅವಳು ನಮಗೆ ಹೇಳಿದ್ದು ಒಂದು ವರ್ಷ ಆದಮೇಲೆ, ನಾವು ಲಂಬಾಣಿ ಗೊಂಬೆ ಮಾಡೋಣ ಅಂತ ಸೂಪರ್ ಮಾರ್ಕೆಟ್‌ನಿಂದ ಕನ್ನಡಿ ಲೇಸ್ ತಂದ ದಿನ. ಅಜ್ಜಿ ಸಿಟಿ ಬಸ್ ಹತ್ತಿದರೆ ಜನ ತಿರುಗಿ ನೋಡ್ತಾರಂತೆ. ಅದಕ್ಕೇ ಅಜ್ಜಿ ಕಾಲೇಜಿಗೆ ಬರ್ತೀನಿ ಅಂದಾಗ ಇವಳೇ ಬೇಡ ಅಂದಿದ್ದಳಂತೆ. ನಾವು ಲೇಸ್ ಎತ್ತಿಟ್ಟು ಸುಮ್ಮನೆ ಕೂತ್ವಿ.

ಮುಂದಿನ ಭಾನುವಾರ ಅವಳೇ ನಮ್ಮನ್ನು ಊರಿಗೆ ಕರ್ಕೊಂಡು ಹೋದಳು. ಅಜ್ಜಿ ಪೆಟ್ಟಿಗೆ ತೆಗೆದು ಒಂದೊಂದೇ ತೋರಿಸಿದರು: ಫೇಟಿಯಾ ಅಂದ್ರೆ ದೊಡ್ಡ ಘೇರಿನ ಲಂಗ, ಬೆನ್ನಿಗೆ ಕಟ್ಟುವ ಕಾಂಚಳಿ, ತಲೆ ಮೇಲಿನ ಓಢಣಿ. ಕವಡೆ, ನಾಣ್ಯ, ಕನ್ನಡಿ ಎಲ್ಲ ಕೈಯಿಂದ ಹೊಲಿದಿದ್ದು. ಕನ್ನಡಿಗೆ ತೂತು ಇರಲ್ಲ, ಅಂಟೂ ಹಾಕಲ್ಲ. ಮೇಲೆ ಅಡ್ಡ ಉದ್ದ ದಾರ ಹಾಯಿಸಿ, ಆ ದಾರವನ್ನೇ ಸುತ್ತಲೂ ಎಳೆದು ಹೊಲಿದು, ಕನ್ನಡಿಯನ್ನು ಚೌಕಟ್ಟಿನೊಳಗೆ ಹಿಡಿದಿಡ್ತಾರೆ. ನಾವು ತಂದಿದ್ದ ಲೇಸನ್ನು ಅಜ್ಜಿ ತಿರುಗಿಸಿ ಹಿಂದಿನ ಮಗ್ಗಲು ನೋಡಿ, ಏನೂ ಅನ್ನದೆ ಪಕ್ಕಕ್ಕಿಟ್ಟರು. ಅಷ್ಟು ಸಾಕಾಯ್ತು.

ಅಂಗಡಿಯಲ್ಲಿ ಸಿಗುವ 1 ಸೆಂ.ಮೀ. ಕನ್ನಡಿ ನಮ್ಮ ಗೊಂಬೆಗೆ 5 ಸೆಂ.ಮೀ. ಕನ್ನಡಿ ಇದ್ದ ಹಾಗೆ. ಅಜ್ಜಿಯೇ ಅತಿ ಸಣ್ಣ ಚಮಕಿ ಆರಿಸಿಕೊಟ್ಟರು, ಮೊದಲ ನಾಲ್ಕನ್ನು ತಾವೇ ಹೊಲಿದರು. ಲಂಬಾಣಿ ಕಸೂತಿಗೆ ಈಗ ಹೊರಗೆ ಒಳ್ಳೆ ಹೆಸರಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ, 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇದನ್ನು ಹೇಳಿದಾಗ ಅಜ್ಜಿ ನಕ್ಕರು. ಮೊಮ್ಮಗಳು ಪಕ್ಕದಲ್ಲಿ ಕೂತು ಸೂಜಿ ಪೋಣಿಸ್ತಿದ್ದಳು. ಅಜ್ಜಿಗೆ ಅದರ ಖುಷಿಯೇ ಜಾಸ್ತಿ ಇತ್ತು ಅಂತ ನಮಗನ್ನಿಸ್ತು.

ನೀವು ಶುರು ಮಾಡೋದಾದ್ರೆ

ದೊಡ್ಡ ಖರ್ಚಿಲ್ಲ. ಟೇಲರ್ ಅಂಗಡಿಯಲ್ಲಿ ಚಿಂದಿ ಕೇಳಿದ್ರೆ ಕೊಡ್ತಾರೆ. ಸಣ್ಣ ಸೂಜಿ, ದಾರ, ಕತ್ತರಿ, ಟಿಚ್ ಬಟನ್ ಇದ್ದರೆ ಸಾಕು. ಮಷೀನ್ ಬೇಡ.

ಪ್ಲಾಸ್ಟಿಕ್ ಗೊಂಬೆ ಮೇಲೆ ಬಟ್ಟೆ ಜಾರುತ್ತೆ, ಘರ್ಷಣೆ ಕಮ್ಮಿ. ಒಳಗೆ ತೆಳು ಹತ್ತಿ ಬಟ್ಟೆ ಸುತ್ತಿ, ಇಲ್ಲವೇ ಹತ್ತಿ ತುಂಬಿದ ಬಟ್ಟೆ ಗೊಂಬೆ ನೀವೇ ಮಾಡಿ.

ಕುಪ್ಪಸದ ಅಳತೆಗೆ ಗೊಂಬೆಯ ಮೈಗೆ ತೆಳು ಪ್ಲಾಸ್ಟಿಕ್ ಸುತ್ತಿ, ಮೇಲೆ ಟೇಪ್ ಅಂಟಿಸಿ, ಹೊಲಿಗೆ ಬರುವ ಕಡೆ ಪೆನ್ನಿನಿಂದ ಗೆರೆ ಎಳೆದು ಕತ್ತರಿಸಿ ಬಿಚ್ಚಿ. ಅದು ಚಪ್ಪಟೆ ಮಲಗಲ್ಲ, ಮಲಗಿಸಲು ಅಲ್ಲಲ್ಲಿ ಕತ್ತರಿಸಬೇಕು. ಹಾಗೆ ಕತ್ತರಿಸಿದ ಕಡೆ ಬಾಯಿ ಬಿಡುವ ಸಂದುಗಳೇ ಟೇಲರ್ ಹಾಕುವ ಡಾರ್ಟ್. ಹೊಲಿಗೆಗೆ 3 ಮಿ.ಮೀ. ಜಾಗ ಬಿಡಿ, ಹಿಂದೆ ಟಿಚ್ ಬಟನ್ ಇಡಿ.

ಎಲ್ಲಕ್ಕಿಂತ ಮುಖ್ಯ, ಆ ಉಡುಗೆ ತೊಡುವವರ ಹತ್ತಿರ ಹೋಗಿ ಕೇಳಿ. ವಿಡಿಯೋ ಆಮೇಲೆ ನೋಡಿ. ನಾವು ಪ್ರತಿ ಗೊಂಬೆಗೂ ಒಂದು ಚೀಟಿ ಕಟ್ಟಿದ್ದೇವೆ: ಯಾವ ಊರಿನ ಉಡುಗೆ, ಯಾರು ಕಲಿಸಿದರು, ಯಾವ ಬಟ್ಟೆ, ನಾವು ಎಲ್ಲಿ ಮೋಸ ಮಾಡಿದ್ವಿ. ನಿರಿಗೆ ನಾಲ್ಕೇ ಇದೆ ಅಂತಲೂ ಬರೆದಿದ್ದೇವೆ.

ಇಲ್ಲಿವರೆಗೆ ಐದು ಗೊಂಬೆ ಆಗಿವೆ. ಈ ಸಲದ ಎಥ್ನಿಕ್ ಡೇಗೆ ಕನ್ನಡ ಸಂಘದ ಟೇಬಲ್ ಮೇಲೆ ಚೀಟಿ ಸಮೇತ ಇಡ್ತೀವಿ. ಆಯಿಗೆ ಮೆಟ್ಟಿಲು ಹತ್ತೋಕಾಗಲ್ಲ, ಅವರಿಗೆ ಫೋಟೋ ತೋರಿಸ್ತೀವಿ. ಕಮಲಾಪುರದ ಅಜ್ಜಿ ಬರ್ತಾರೆ. ಈ ಸಲ ಕರೆದದ್ದು ಮೊಮ್ಮಗಳೇ. ನಿಮ್ಮ ಮನೆಯ ಅಜ್ಜಿ, ಆಯಿ, ಅವ್ವ ಉಡುವುದರಲ್ಲಿ ನಿಮಗೆ ಬರದೇ ಇರೋದು ಏನಿದೆ ಅಂತ ಕೇಳ್ಕೊಂಡು ಬರ್ರಿ. ಸೂಜಿ ದಾರ ನಾವು ಕೊಡ್ತೀವಿ.