ನಿಕೊಡೆಮಸ್: ಹುಲ್ಲುಬಯಲಿನ ಒಂದು ಒಕ್ಕಲು ಹಳ್ಳಿ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಕ್ಯಾನ್ಸಸ್ ಎಂಬ ಪ್ರಾಂತವುಂಟು. ಅದರ ವಾಯವ್ಯ ಭಾಗವು ಮರಗಳು ವಿರಳವಾಗಿ, ಕಣ್ಣು ಹಾಯುವವರೆಗೂ ಹುಲ್ಲೇ ಬೆಳೆಯುತ್ತಿದ್ದ ವಿಶಾಲವಾದ ಬಯಲು. ಇಂತಹ ಭೂಮಿಯನ್ನು ಅಲ್ಲಿಯವರು ಪ್ರೇರಿ ಎನ್ನುತ್ತಾರೆ. ವರ್ಷದ ಮಳೆ ಸುಮಾರು 20ರಿಂದ 25 ಅಂಗುಲ. ಅದೂ ಪ್ರತಿವರ್ಷವೂ ಹದವರಿತು ಬೀಳುವುದಿಲ್ಲ. ಈ ಸೀಮೆಯಲ್ಲಿ ಸಾಲಮನ್ ನದಿಯ ಸಮೀಪದಲ್ಲಿರುವ ನಿಕೊಡೆಮಸ್ ಎಂಬ ಚಿಕ್ಕ ಹಳ್ಳಿಯ ಚರಿತ್ರೆಯು ಗ್ರಾಮದ ಯೋಗಕ್ಷೇಮವನ್ನು ಹೊತ್ತಿರುವ ಪಟೇಲರೂ ಭೂಮಾಲೀಕರೂ ತಿಳಿಯತಕ್ಕದ್ದಾಗಿದೆ.

ಗ್ರಾಮದ ಹುಟ್ಟು

1865ರಲ್ಲಿ ಅಮೇರಿಕಾದಲ್ಲಿ ಗುಲಾಮಗಿರಿಯು ರದ್ದಾಯಿತು. ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನರಿಗೆ ಸ್ವಾತಂತ್ರ್ಯವೇನೋ ದೊರೆಯಿತು. ಉಳಲು ಸ್ವಂತ ಭೂಮಿಯು ದೊರೆಯಲಿಲ್ಲ. ಅವರಲ್ಲಿ ಅನೇಕರು ಅನ್ಯರ ಹೊಲಗಳನ್ನೇ ವಾರಕ್ಕೆ ಮಾಡಬೇಕಾಯಿತು. ಆದರೆ 1862ರ ಕಾನೂನಿನ ಮೇರೆಗೆ, ಸರ್ಕಾರದ ಖಾಲಿ ಜಮೀನಿನಲ್ಲಿ 5 ವರ್ಷ ವಾಸವಾಗಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ಭೂಮಿಯು ಅಲ್ಪ ಶುಲ್ಕಕ್ಕೆ ಸ್ವಂತವಾಗುತ್ತಿತ್ತು. ಇದನ್ನು ನೆಚ್ಚಿ ಡಬ್ಲ್ಯು. ಎಚ್. ಸ್ಮಿತ್, ಡಬ್ಲ್ಯು. ಆರ್. ಹಿಲ್ ಮೊದಲಾದವರು 1877ರಲ್ಲಿ ಈ ಊರನ್ನು ಕಟ್ಟಲು ಒಂದು ಸಂಘವನ್ನು ಸ್ಥಾಪಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೆಂಟಕಿ ಪ್ರಾಂತದಿಂದ ಸುಮಾರು 300 ಮಂದಿ ಹೊರಟು ಬಂದರು.

ಸಮೃದ್ಧವಾದ ನೆಲವೆಂಬ ಮಾತನ್ನು ನಂಬಿ ಬಂದವರಿಗೆ ಅಲ್ಲಿ ಒಂದು ಮನೆಯೂ ಕಾಣಲಿಲ್ಲ. ಮೊದಲು ಬಂದವರು ಮರಮುಟ್ಟು ಸಿಕ್ಕದೆ ದಿಬ್ಬಗಳ ಮಗ್ಗುಲಲ್ಲಿ ಗವಿಗಳಂತೆ ನೆಲವನ್ನು ತೋಡಿಕೊಂಡು ವಾಸವಾಗಿದ್ದರು. ಇದನ್ನು ನೋಡಿ ಎದೆಗುಂದಿ ಹಲವು ಕುಟುಂಬಗಳು ಹಿಂದಿರುಗಿದವು. ಉಳಿದವರಿಗೆ ಬಿತ್ತನೆಯ ಕಾಲ ಮೀರಿತ್ತು, ಕೈಯಲ್ಲಿ ಧಾನ್ಯವಿರಲಿಲ್ಲ. ಆ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಆ ದೇಶದ ಮೂಲನಿವಾಸಿಗಳಾದ ಓಸೇಜ್ ಜನರು ತಮ್ಮ ಆಹಾರದಲ್ಲಿ ಪಾಲು ಕೊಟ್ಟು ತಮ್ಮ ಪೂರ್ವಿಕರ ಪ್ರಾಣವನ್ನು ಉಳಿಸಿದರೆಂದು ಊರಿನವರು ಇಂದಿಗೂ ಸ್ಮರಿಸುತ್ತಾರೆ. ಉಳುವ ಪ್ರಾಣಿಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ, ಹುಲ್ಲಿನ ಬೇರು ಹೆಣೆದುಕೊಂಡ ಆ ಗಟ್ಟಿನೆಲವನ್ನು ಅನೇಕರು ಗುದ್ದಲಿ ಸನಿಕೆಗಳಿಂದಲೇ ಅಗೆದು ಮೊದಲ ಬೆಳೆಯನ್ನಿಟ್ಟರು.

ರೈಲುದಾರಿಯ ನಿರಾಶೆ

ಹತ್ತು ವರ್ಷಗಳೊಳಗಾಗಿ ಊರು ಏಳಿಗೆಗೆ ಬಂದಿತು. ಶಾಲೆ, ದೇವಾಲಯಗಳು, ಅಂಗಡಿಗಳು, ಎರಡು ವೃತ್ತಪತ್ರಿಕೆಗಳು ಸಹ ಏರ್ಪಟ್ಟವು. ದವಸವನ್ನು ದೂರದ ಪೇಟೆಗೆ ಸಾಗಿಸಲು ರೈಲು ಒಂದೇ ಕೊರತೆಯಾಗಿತ್ತು. 1887ರಲ್ಲಿ ಊರಿನವರು ರೈಲು ಕಂಪನಿಗೆ ಸಹಾಯವಾಗಿ 16,000 ಡಾಲರುಗಳ ಸಾಲಪತ್ರಗಳನ್ನು ಹೊರಡಿಸಲು ಒಪ್ಪಿದರು. ಆದರೂ ಆ ಕಂಪನಿಯ ದಾರಿಯು ಬರಲಿಲ್ಲ. 1888ರಲ್ಲಿ ಮತ್ತೊಂದು ಕಂಪನಿಯು ನದಿಯ ಆಚೆ, ಕೆಲವೇ ಮೈಲಿಗಳ ದೂರದಲ್ಲಿ ಹಳಿಗಳನ್ನು ಹಾಕಿತು. ವರ್ತಕರು ಅಂಗಡಿಗಳನ್ನು ಕಿತ್ತುಕೊಂಡು ಅಲ್ಲಿ ಹುಟ್ಟಿದ ಬೋಗ್ ಎಂಬ ಊರಿಗೆ ಹೊರಟುಹೋದರು. ಪೇಟೆಯು ಹೋಯಿತು, ಒಕ್ಕಲುಗಳು ಮಾತ್ರ ಜಮೀನನ್ನು ಬಿಡಲಿಲ್ಲ. ಅದರಿಂದಲೇ ಊರು ಉಳಿಯಿತು.

1930ರ ದಶಕದಲ್ಲಿ ಮಳೆ ತಪ್ಪಿ, ಧೂಳಿನ ಬಿರುಗಾಳಿಗಳೆದ್ದು, ಧಾನ್ಯದ ಬೆಲೆಯೂ ಕುಸಿಯಿತು. ಅನೇಕರು ಪಟ್ಟಣಗಳನ್ನು ಸೇರಿದರು. 1953ರಲ್ಲಿ ಅಂಚೆಕಚೇರಿಯನ್ನೂ ಮುಚ್ಚಲಾಯಿತು.

ಈಗಿನ ಸ್ಥಿತಿ

2020ರ ಜನಗಣತಿಯಂತೆ ಈ ಊರಿನಲ್ಲಿ ವಾಸವಾಗಿದ್ದವರು 14 ಮಂದಿ ಮಾತ್ರ. ಸುತ್ತಲಿನ ಸೀಮೆಯಲ್ಲಿ ಮಾಗಿಯ ಮುಂಚೆ ಬಿತ್ತಿ ಬೇಸಗೆಯಲ್ಲಿ ಕೊಯ್ಯುವ ಗೋಧಿಯೂ, ಅನಾವೃಷ್ಟಿಯನ್ನು ತಾಳುವ ಜೋಳವೂ ಮುಖ್ಯ ಬೆಳೆಗಳು. ಯಂತ್ರಗಳಿಂದ ನಡೆಯುವ ಈ ಬೇಸಾಯದಲ್ಲಿ ಒಂದೊಂದು ಕುಟುಂಬಕ್ಕೂ ಬಹಳ ಎಕರೆಗಳು ಬೇಕಾಗುವುದರಿಂದ ಸಣ್ಣ ಹಿಡುವಳಿಗಾರರು ನಿಲ್ಲುವುದು ಕಷ್ಟವಾಗಿದೆ. ಆಫ್ರಿಕಾ ಮೂಲದ ರೈತರಿಗೆ ಇದು ಇನ್ನೂ ಕಠಿಣವಾಯಿತು. 1920ರಲ್ಲಿ ಅಮೇರಿಕಾದ ಬೇಸಾಯಗಾರರಲ್ಲಿ ನೂರಕ್ಕೆ 14 ಮಂದಿ ಇವರಾಗಿದ್ದರು. ಈಗ ನೂರಕ್ಕೆ ಇಬ್ಬರಿಗಿಂತಲೂ ಕಡಮೆ. ಸರ್ಕಾರದ ಬೇಸಾಯ ಸಾಲಗಳಲ್ಲಿ ತಮಗೆ ಪಕ್ಷಪಾತವಾಯಿತೆಂದು ಈ ರೈತರು ಹೂಡಿದ ಮೊಕದ್ದಮೆಯು 1999ರಲ್ಲಿ ಪರಿಹಾರದ ಒಪ್ಪಂದದಿಂದ ಮುಗಿಯಿತು. ಅಷ್ಟರೊಳಗೆ ಕೈಬಿಟ್ಟ ಹೊಲಗಳು ಬಹಳವಾಗಿದ್ದವು.

1996ರಲ್ಲಿ ನಿಕೊಡೆಮಸ್ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಲ್ಪಟ್ಟಿತು. ಹಳೆಯ ಶಾಲೆ, ದೇವಾಲಯಗಳು, 1939ರಲ್ಲಿ ಕಟ್ಟಿದ ಚಾವಡಿ ಮೊದಲಾದ 5 ಕಟ್ಟಡಗಳು ಅದಕ್ಕೆ ಸೇರಿವೆ. ಪ್ರತಿವರ್ಷ ಜುಲೈ ತಿಂಗಳ ಕೊನೆಯಲ್ಲಿ, ದೂರದ ಪಟ್ಟಣಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ಊರಹಬ್ಬಕ್ಕೆ ಬಂದು ಕೂಡುತ್ತಾರೆ. ಆ ಕೆಲವು ದಿನ ಹಳ್ಳಿಯು ತುಂಬಿರುತ್ತದೆ.

ಪೇಟೆ, ರೈಲು, ಅಂಚೆ ಇವುಗಳು ಬರುವುದೂ ಹೋಗುವುದೂ ಗ್ರಾಮಸ್ಥರ ಕೈಯಲ್ಲಿಲ್ಲ. ನಿಕೊಡೆಮಸ್ಸಿನವರು ಅವಿಲ್ಲದೆಯೂ ಬಾಳಿದರು. ಆದರೆ ಸಾಲದಿಂದಲೋ, ಬರದಿಂದಲೋ ಜಮೀನು ಪರಾಧೀನವಾದ ಮನೆಯವರು ಹಬ್ಬಕ್ಕೆ ಬರಬಲ್ಲರೇ ಹೊರತು ಬಾಳಲು ಬರಲಾರರು. ಆದುದರಿಂದ ತಮ್ಮ ಗ್ರಾಮದಲ್ಲಿ ಯಾವ ಒಕ್ಕಲಿನ ಹೊಲವು ಕೈಬಿಡುವ ಸ್ಥಿತಿಯಲ್ಲಿದೆಯೆಂಬುದನ್ನು ಹಿರಿಯರು ಕಾಲದಲ್ಲಿಯೇ ವಿಚಾರಿಸಿ ನೆರವಾಗುವುದು ಯುಕ್ತವಾಗಿದೆ.